ಕಾಂತಪ್ಪ ‘ಆಗೂದಿಲ್ಲ’ ಅಂದ ರವಿವಾರ

ಭಾಂಡುಪಿನ ಕಾಂತಪ್ಪನಿಗೆ ಬಾರದಿದ್ದದ್ದು ಒಂದೇ ಮಾತು: ‘ಆಗೂದಿಲ್ಲ’. ಯಾರು ಏನು ಕೇಳಿದರೂ ಅವನ ಬಾಯಿ ತಾನಾಗಿಯೇ ‘ಆತು ಬಿಡ್ರಿ’ ಅಂದುಬಿಡುತ್ತಿತ್ತು. ಹೋದ ವರ್ಷ ಮಗಳು ಮಾಧುರಿಯ ನಾಟಕ ನಡೆಯುವ ಹೊತ್ತಿಗೆ ಅವನು ಮೇಲಿನ ಮಹಡಿಯ ಮರೆಪ್ಪನ ಕಪಾಟು ಹೊತ್ತು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಬಿದ್ದಿದ್ದ. ಅದರ ಹಿಂದಿನ ನಾಟಕದ ದಿನ ಕೆಳಗಿನ ಮನೆಯ ಟೇಲರ್ ಕರೀಮಸಾಬರ ಪಕ್ಕ ಕೂತು ಮದುವೆ ಶೇರ್ವಾನಿಗಳಿಗೆ ಗುಂಡಿ ಹಚ್ಚುತ್ತಿದ್ದ.

ಈ ರವಿವಾರ ಮಧ್ಯಾಹ್ನ ಮಲಾಡಿನಲ್ಲಿ ಮತ್ತೆ ಅವಳ ಕನ್ನಡ ನಾಟಕ. ಮುಂಬೈಯಲ್ಲೇ ಹುಟ್ಟಿ ಬೆಳೆದ ಮಾಧುರಿಗೆ ಕನ್ನಡ ಓದಲು ಬಾರದು. ಅಜ್ಜಿಯ ಪಾತ್ರದ ಉದ್ದುದ್ದ ಮಾತುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಲೋಕಲ್ ಟ್ರೇನಿನಲ್ಲಿ ನಿಂತೇ ಬಾಯಿಪಾಠ ಮಾಡಿದ್ದಳು. ಬೆಳಿಗ್ಗೆ ಹೊರಡುವಾಗ ಹೇಳಿದಳು, “ಪಪ್ಪಾ, ಈ ಸಲ ನೀವು ಬರಲಿಲ್ಲ ಅಂದ್ರ, ಸೀರಿಯಸ್ಲಿ, ಇನ್ನ ನಾ ಕರಿಯೂದೇ ಇಲ್ಲ.”

ಅವಳು ಹೋದ ಮೇಲೆ ಹೆಂಡತಿ ಶೀಲಾವತಿ ಕಾಂತಪ್ಪನನ್ನು ಕೂಡಿಸಿ ಪಾಠ ಹೇಳಿದಳು. “ಯಾರರ ಕೇಳಿದ್ರ ‘ಆಗೂದಿಲ್ರಿ’ ಅನ್ರಿ. ಕಾರಣ ಹೇಳಾಕ ಹೋಗಬ್ಯಾಡ್ರಿ. ಕಾರಣ ಹೇಳಿದ್ರ ಮಂದಿ ಅದಕ್ಕೊಂದು ಉಪಾಯ ಹುಡುಕ್ತಾರ.”

ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಮರೆಪ್ಪ ನಿಂತಿದ್ದ. “ಕಾಂತಪ್ಪನವರ, ಗ್ರಾಂಟ್ ರೋಡಿಗೆ ಹೋಗಿ ಗ್ರೈಂಡರ್ ತರೂದೈತಿ. ಒಬ್ಬನ ಕೈಲೆ ಎತ್ತಾಕ ಆಗೂದಿಲ್ಲ, ನಡೀರಿ.”

ಕಾಂತಪ್ಪ ಕಣ್ಣು ಮುಚ್ಚಿ, ಕಹಿ ಕಷಾಯ ನುಂಗಿದವನಂತೆ ಹೇಳಿದ, “ಆಗೂದಿಲ್ರಿ.”

ಮರೆಪ್ಪ ಮುಂದೆ ಏನೋ ಬರುತ್ತದೆಂದು ಕಾದ. ಹತ್ತಿರ ಬಂದು ಕಾಂತಪ್ಪನ ಹಣೆ ಮುಟ್ಟಿ ನೋಡಿದ. “ಮೈ ಬೆಚ್ಚಗಿಲ್ಲಲ್ಲ,” ಎಂದು ಗೊಣಗುತ್ತ ಇಳಿದು ಹೋದ.

ಕಾಂತಪ್ಪನಿಗೆ ಗೆದ್ದ ಪೈಲ್ವಾನನ ಹುರುಪು ಬಂತು. ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದರೆ ಕರೀಮಸಾಬರು ಮೋಸಂಬಿ ಹಿಡಿದು ಕೂತಿದ್ದರು. “ಭಾಯಿ, ಏನ್ ತ್ರಾಸ ಐತಿ? ನೌಕರಿಗೇನರ ಆತೇನು? ನನ್ನ ಮುಂದ ಹೇಳ್ರಿ.”

“ಏನೂ ಆಗಿಲ್ರಿ.”

“ಹಂಗಂದ್ರ ಏನೋ ಆಗೇದ,” ಎಂದು ಕರೀಮಸಾಬರು ಕಾಲು ಮಡಚಿ ಇನ್ನಷ್ಟು ಗಟ್ಟಿಯಾಗಿ ಕೂತರು.

ಅವರ ಬೆನ್ನಿಗೆ ಮರೆಪ್ಪ ಮತ್ತೆ ಬಂದ. ಜೊತೆಗೆ ಸೊಸೈಟಿಯ ಸೆಕ್ರೆಟರಿ ಅಮೋಲ್. ಕಾಂತಪ್ಪ ‘ಆಗೂದಿಲ್ಲ’ ಅಂದ ಸುದ್ದಿ ಬಿಲ್ಡಿಂಗಿನಲ್ಲಿ ನೀರಿನ ಟ್ಯಾಂಕರ್ ಬಂದ ಸುದ್ದಿಯಷ್ಟೇ ಬೇಗ ಹರಡಿತ್ತು. ಯಾರೂ ಕೆಲಸ ಹೇಳಲು ಬಂದಿರಲಿಲ್ಲ, ಎಲ್ಲರೂ ಸಮಾಧಾನ ಹೇಳಲು ಬಂದಿದ್ದರು. ಶೀಲಾವತಿ ಚಹಾ ಮಾಡಿದಳು. ಅಮೋಲನ ಮಾವನಿಗೂ ಮೊದಲು ಹೀಗೇ ಆಗಿತ್ತೆಂದು ತಿಳಿದುಬಂತು. ಗೋಡೆಯ ಗಡಿಯಾರ ನೋಡಿ ನೋಡಿ ಕಾಂತಪ್ಪನ ಕತ್ತು ನೋಯತೊಡಗಿತು.

ಕಡೆಗೆ ತಡೆಯಲಾರದೆ ಕಾರಣ ಹೇಳಿಯೇಬಿಟ್ಟ. “ಮಗಳ ನಾಟಕ ಐತ್ರಿ, ಮಲಾಡದಾಗ. ಹೋಗಬೇಕು.”

ಮೂವರೂ ಉಸಿರುಬಿಟ್ಟರು. ಅಮೋಲ್ ಎದ್ದು ನಿಂತ. “ಇತ್ನಾ ಹೀ? ಆಜ್ ಮೆಗಾಬ್ಲಾಕ್ ಹೈ, ಟ್ರೇನ್ ಕಾ ಭರೋಸಾ ನಹೀ. ಮೇರಿ ಗಾಡಿ ಮೇ ಚಲೋ.” ರವಿವಾರದ ಹಳಿ ರಿಪೇರಿಗೆ ರೈಲು ನಿಂತಿವೆ, ತನ್ನ ಕಾರಿನಲ್ಲೇ ಹೋಗೋಣ ಎಂಬುದು ಅವನ ಮಾತು.

“ನಾವೂ ಬರ್ತೀವಿ. ಗ್ರೈಂಡರ್ ಎಲ್ಲಿ ಓಡಿ ಹೊಕ್ಕೈತಿ,” ಎಂದ ಮರೆಪ್ಪ.

ಹೀಗೆ ಐವರೂ ಅಮೋಲನ ಕಾರಿನಲ್ಲಿ ಇಕ್ಕಟ್ಟಾಗಿ ಕೂತು, ಪವಾಯಿಯ ಟ್ರಾಫಿಕ್ಕಿನಲ್ಲಿ ತೆವಳಿ, ನಾಟಕಕ್ಕೆ ಇನ್ನೂ ಸ್ವಲ್ಪ ಹೊತ್ತು ಇರುವಾಗಲೇ ಮಲಾಡಿನ ಸಭಾಗೃಹ ಮುಟ್ಟಿದರು. ಕಾಂತಪ್ಪ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತ. ಕರೀಮಸಾಬರ ಕೈ ಒತ್ತಿ, “ನಿಮ್ಮೆಲ್ಲಾರಿಂದ ಬಂದೆ ನೋಡ್ರಿ,” ಎಂದ.

ಅಷ್ಟರಲ್ಲಿ ಬಿಳಿಗೂದಲಿನ ಅಜ್ಜಿಯೊಬ್ಬಳು ರಂಗದ ಪಕ್ಕದ ಬಾಗಿಲಿನಿಂದ ಓಡಿ ಬಂದಳು. ಮಾಧುರಿ. “ಪಪ್ಪಾ, ಬಂದ್ರಿ?” ಅವಳ ಕಣ್ಣು ತುಂಬಿದವು. “ಒಂದ್ ಹೆಲ್ಪ್ ಮಾಡ್ತೀರಿ? ಪರದೆ ಎಳ್ಯಾವ್ರು ಮೆಗಾಬ್ಲಾಕ್‌ನಾಗ ಟ್ರೇನ್ ಸಿಗದ ಅಟಕ್ಯಾರ. ನೀವ್ ಎಳೀರಿ, ಪ್ಲೀಸ್.”

ಕಾಂತಪ್ಪ ಶೀಲಾವತಿಯ ಕಡೆ ನೋಡಿದ. ಅವಳು ಛಾವಣಿಯ ಫ್ಯಾನ್ ನೋಡುತ್ತಿದ್ದಳು.

“ಆತು ಬಿಡವಾ,” ಎಂದು ಎದ್ದ.

ಒಮ್ಮೆ ಎಳೆದು ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ. ಆದರೆ ಪರದೆಯ ರಾಟೆ ಕೆಟ್ಟಿತ್ತು. ಹಗ್ಗ ಸಡಿಲ ಬಿಟ್ಟರೆ ಪರದೆ ತಾನೇ ಮುಚ್ಚಿಕೊಳ್ಳುತ್ತಿತ್ತು. ನಾಟಕ ಮುಗಿಯುವವರೆಗೂ ಅವನು ರಂಗದ ಬಣ್ಣದ ಗೋಡೆಯ ಹಿಂದೆ ಹಗ್ಗ ಹಿಡಿದು, ಬಾವಿಯಿಂದ ಮೇಲೆ ಬಾರದ ಕೊಡ ಎಳೆಯುವವನಂತೆ ನಿಂತ. ಪಕ್ಕದಲ್ಲಿ ದೊಡ್ಡ ಫ್ಯಾನು ಗರಗರ ಎನ್ನುತ್ತಿತ್ತು. ಆಗಾಗ ಜನ ನಕ್ಕರು. ಒಮ್ಮೆ ಸಭೆಯೆಲ್ಲ ಸ್ತಬ್ಧವಾಯಿತು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ.

ಮರಳುವಾಗ ಕಾರಿನಲ್ಲಿ ಮರೆಪ್ಪ ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದ. “ಏನ್ ಮಾಡಿದ್ಲರೀ ಹುಡುಗಿ. ನಮ್ಮವ್ವನ್ನ ನೋಡಿದಂಗ ಆತು.”

ಕಾಂತಪ್ಪ ಹಗ್ಗ ಉಜ್ಜಿ ಕೆಂಪಾದ ಅಂಗೈಗಳನ್ನು ಊದಿಕೊಂಡು ಅವನತ್ತ ವಾಲಿದ.

“ಮರೆಪ್ಪನವರ, ನಿಮಗ ಪುರಸತ್ತಿದ್ರ, ಮೊದಲಿಂದ ಹೇಳ್ರಿ. ಪರದೆ ತೆಗೆದಾಗ ನನ್ನ ಮಗಳು ಎಲ್ಲಿ ಕುಂತಿದ್ಲು?”