ಹನ್ನೆರಡು ಚಕ್ರದ ಕುರ್ಚಿ

ಕ್ಷೌರಿಕನ ಕಷ್ಟಕ್ಕೆಲ್ಲ ಕಾರಣ ಅವನ ಬಾಯಲ್ಲಿದ್ದ ಒಂದು ‘ಹೌದು’. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಅವನು ಹೌದು ಹೌದು ಅನ್ನುತ್ತಿದ್ದ. ಕತ್ತಿ ಹಿಡಿದವನು ವಾದಕ್ಕೆ ನಿಂತರೆ ಯಾವ ಗಿರಾಕಿ ತಾನೇ ಕತ್ತು ಒಡ್ಡಿಯಾನು? ಇಪ್ಪತ್ತೆರಡು ವರ್ಷ ಹೀಗೇ ನಡೆದು ಅದೊಂದು ಚಾಳಿಯಾಗಿ ಹೋಗಿತ್ತು. ಬಟ್ಟೆ ಕೊಡವಿ ಗಿರಾಕಿಯ ಕೊರಳಿಗೆ ಸುತ್ತುವುದೇ ತಡ, ಸ್ವಿಚ್ ಒತ್ತಿದ ಫ್ಯಾನಿನ ಹಾಗೆ ಅವನ ನಾಲಿಗೆ ತಾನಾಗಿ ತಿರುಗುತ್ತಿತ್ತು.

ಈ ಹೌದನ್ನು ನಂಬಿಕೊಂಡು ಇಬ್ಬರು ಅವನ ಅಂಗಡಿಯಲ್ಲಿ ಬೀಡುಬಿಟ್ಟಿದ್ದರು. ಇಬ್ಬರೂ ಜೀವನವಿಡೀ ಬಾಡಿಗೆಗೆ ಸಾಮಾನು ಸಾಗಿಸಿದವರು. ಈಗ ಕೆಲಸ ಬಿಟ್ಟಿದ್ದರು, ಪಿಕಪ್ಪು ಮಾತ್ರ ಬಿಟ್ಟಿರಲಿಲ್ಲ. ಎರಡು ಗಾಡಿಗೂ ಆರಾರು ಚಕ್ರ. ಜಗಳವೆಲ್ಲ ಆ ಆರು ಎಲ್ಲೆಲ್ಲಿ ಇರಬೇಕು ಅನ್ನುವುದರ ಮೇಲೆ.

ಒಬ್ಬರ ಗಾಡಿಗೆ ಹಿಂದೆ ಒಂದೇ ಆಕ್ಸಲ್ಲು, ಅದರ ಎರಡು ತುದಿಯಲ್ಲೂ ಜೋಡಿ ಜೋಡಿ ಟೈರು. ಹಿಂಭಾಗ ಸೊಂಟಕ್ಕೆ ಕೈಯಿಟ್ಟು ನಿಂತ ಅತ್ತೆಯ ಹಾಗೆ ಅಗಲ. ಅದಕ್ಕೇ ಅವರಿಗೆ ಅಗಲಣ್ಣ ಎಂದು ಹೆಸರು, ಆಸಾಮಿ ಮಾತ್ರ ಕಡ್ಡಿ. ಇನ್ನೊಬ್ಬರ ಗಾಡಿಗೆ ಹಿಂದೆ ಎರಡು ಆಕ್ಸಲ್ಲು, ಒಂದರ ಬೆನ್ನಿಗೆ ಒಂದು. ಟೈರುಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೊಂದು. ಗಾಡಿ ಉದ್ದವಾದ್ದರಿಂದ ಅವರು ಉದ್ದಣ್ಣ, ಎತ್ತರದಲ್ಲಿ ಕ್ಷೌರಿಕನ ಭುಜಕ್ಕೆ ಬರುತ್ತಿದ್ದರು.

ಎರಡು ಆಕ್ಸಲ್ ಇದ್ದರೆ ತಿರುವಿನಲ್ಲಿ ಟೈರು ರಸ್ತೆಗೆ ಉಜ್ಜಿ ಉಜ್ಜಿ ಸವೆದು ಬೋಳಾಗುತ್ತದೆ ಎಂದು ಅಗಲಣ್ಣ. ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿಕೊಳ್ಳುತ್ತದೆ, ಒಳಗಿನ ಟೈರು ಪಂಕ್ಚರ್ ಆದರೆ ಮೂರು ಊರು ದಾಟಿದ ಮೇಲೆ ಗೊತ್ತಾಗುತ್ತದೆ ಎಂದು ಉದ್ದಣ್ಣ. ಇಬ್ಬರೂ ಸರದಿಯ ಮೇಲೆ ಕುರ್ಚಿ ಹತ್ತಿ ತೀರ್ಪು ಕೇಳುತ್ತಿದ್ದರು, ಕ್ಷೌರಿಕ ಇಬ್ಬರಿಗೂ ಹೌದು ಅನ್ನುತ್ತಿದ್ದ. ನಡುವೆ ಪಾಪದ ಗಿರಾಕಿ ಯಾರಾದರೂ ಬಂದರೆ ಅವನ ಗತಿ ಮುಗಿಯಿತು. ಒಬ್ಬ ಅರ್ಧ ಮೀಸೆಯಲ್ಲೇ ಎದ್ದು ಓಡಿದ್ದ. ಕೊನೆಗೆ ಅಂಗಡಿಯಲ್ಲಿ ಉಳಿದವರು ಈ ಇಬ್ಬರೇ, ದಿನಕ್ಕೆ ಎರಡು ಸಲ ಬೋಳಿಸುವಷ್ಟು ಗಡ್ಡ ಅವರಿಗೂ ಇರಲಿಲ್ಲ.

ಅಂಗಡಿಯನ್ನೇ ಬದಲಾಯಿಸೋಣ ಎಂದು ತೀರ್ಮಾನಿಸಿದವಳು ಅವನ ಹೆಂಡತಿ. ತಮ್ಮ ಗಾಡಿ ಕಣ್ಣಿಗೆ ಕಾಣದ ಕಡೆ ಆ ಇಬ್ಬರೂ ಒಂದು ಗಳಿಗೆ ಕೂರುವವರಲ್ಲ ಎಂಬುದನ್ನು ಅವಳು ಗಮನಿಸಿದ್ದಳು. ಟೇಪು ಹಿಡಿದು ಊರೆಲ್ಲ ಸುತ್ತಿ ಒಂದು ಗಲ್ಲಿ ಹುಡುಕಿದಳು. ಅದರ ಅಗಲ ಅಗಲಣ್ಣನ ಗಾಡಿಗಿಂತ ಒಂದು ಗೇಣು ಕಮ್ಮಿ. ಬಾಯಲ್ಲೇ ಇದ್ದ ತಿರುವು ಉದ್ದಣ್ಣನ ಗಾಡಿಗೆ ಏನು ಮಾಡಿದರೂ ಬಗ್ಗದು. ಒಳಗೆ ನಲವತ್ತು ಹೆಜ್ಜೆಗೆ ಒಂದು ಪುಟ್ಟ ಅಂಗಡಿ. ಆರೋಗ್ಯ ಇಲಾಖೆಗೆ ಅರ್ಜಿಯೂ ಹೋಯಿತು. ಅಂಗಡಿಯ ವಾರದ ರಜೆಯ ದಿನ ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರು ಬರುತ್ತಾರೆ, ಅಷ್ಟರಲ್ಲಿ ಕುರ್ಚಿಯನ್ನು ಬೋಲ್ಟು ಹಾಕಿ ಕೂರಿಸಿರಬೇಕು, ಇಲ್ಲವಾದರೆ ಅರ್ಜಿ ಇನ್ನಾರು ತಿಂಗಳು ಕಡತದಲ್ಲಿ ಮಲಗುತ್ತದೆ.

“ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಿ,” ಎಂದು ಅವಳು ಹಿಂದಿನ ದಿನ ಅವನನ್ನು ಕನ್ನಡಿ ಮುಂದೆ ನಿಲ್ಲಿಸಿ ನಲವತ್ತು ಸಲ ಹೇಳಿಸಿದ್ದಳು. ಕನ್ನಡಿಗೆ ಅವನು ಚೆನ್ನಾಗಿಯೇ ಹೇಳಿದ.

ಕುರ್ಚಿ ಮಾವ ಕೊಟ್ಟದ್ದು, ಪೂರ್ತಿ ಕಬ್ಬಿಣ, ಎತ್ತಲು ನಾಲ್ಕು ಜನ ಬೇಕು. ಬೆಳಿಗ್ಗೆ ಬೀದಿಯ ನಾಲ್ಕು ಜನ ಸೇರಿ ಅದನ್ನು ತರಕಾರಿ ಅಕ್ಕನ ತಳ್ಳುಗಾಡಿಗೆ ಏರಿಸಿದರು. ತಳ್ಳುಗಾಡಿ ಒಮ್ಮೆ ನರಳಿ, ಎರಡು ಚಕ್ರವನ್ನೂ ಕೈಕಾಲಿನ ಹಾಗೆ ಚಾಚಿ ನೆಲಕ್ಕೆ ಮಲಗಿತು.

ತರಕಾರಿ ಅಕ್ಕನದು ಒಳ್ಳೆಯ ಮನಸ್ಸು. ತನ್ನ ಗಾಡಿಯಿಂದ ಪಾಪ ಅವನ ಕೆಲಸ ಕೆಟ್ಟಿತಲ್ಲ ಎಂದು ಮರುಗಿ, ಯಾರಿಗೂ ಹೇಳದೆ ಫೋನು ತೆಗೆದಳು. ಇಬ್ಬರಲ್ಲಿ ಒಬ್ಬರಾದರೂ ಬರಲಿ ಎಂದು ಇಬ್ಬರಿಗೂ ಮಾಡಿದಳು. ಐದು ನಿಮಿಷದಲ್ಲಿ ಬೀದಿಯ ಆ ಕೊನೆಯಿಂದ ಅಗಲಣ್ಣ, ಈ ಕೊನೆಯಿಂದ ಉದ್ದಣ್ಣ ಹಾಜರು.

“ನಮ್ಮ ಗಾಡಿ ಇರೋವಾಗ ತಳ್ಳುಗಾಡಿನಾ?” ಎಂದರು ಅಗಲಣ್ಣ, ಮನಸ್ಸಿಗೆ ನೋವಾದ ದನಿಯಲ್ಲಿ.

“ನಿಮಗ್ಯಾಕೆ ತೊಂದರೆ ಅಂತ...” ಎಂದ ಕ್ಷೌರಿಕ. ಹೆಂಡತಿ ಹಣೆ ಚಚ್ಚಿಕೊಂಡಳು.

ಕುರ್ಚಿ ಮೊದಲು ಅಗಲಣ್ಣನ ಗಾಡಿ ಏರಿತು. ಗಲ್ಲಿಯ ಬಾಯಿಗೆ ಹೋಗಿ ಹಿಂದಕ್ಕೆ ನುಗ್ಗಿಸಿದರು. ಎರಡು ಕಡೆಯ ಗೋಡೆಯೂ ಗಾಡಿಯ ಸೊಂಟವನ್ನು ಹಿಡಿದುಕೊಂಡವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸೋಪಿನ ನೀರು ಎರಚಿ, ಬೆರಳಿನಿಂದ ಉಂಗುರ ಕಳಚುವ ಹಾಗೆ ಎಳೆದು ತೆಗೆಯುವ ಹೊತ್ತಿಗೆ ಹನ್ನೆರಡು ಗಂಟೆ. ಉದ್ದಣ್ಣ ನಗುತ್ತಾ ಕುರ್ಚಿಯನ್ನು ತಮ್ಮ ಗಾಡಿಗೆ ಬದಲಿಸಿದರು. ಅವರ ಗಾಡಿಯ ಮೂತಿ ಗಲ್ಲಿಯ ಒಳಗೆ ಇಣುಕಿತು, ಬಾಲ ರಸ್ತೆಯಲ್ಲೇ ಉಳಿಯಿತು. ಹಿಂದೆ ಮುಂದೆ ಹದಿನೆಂಟು ಸಲ ಮಾಡಿದರು. ಟೈರು ಉಜ್ಜಿದ ವಾಸನೆಗೆ ಗಲ್ಲಿಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ದರ್ಜಿಯ ಮೆಟ್ಟಿಲು ಒಂದು ಮೂಲೆ ಕಳೆದುಕೊಂಡಿತು.

“ಇಲ್ಲಿಂದ ನಲವತ್ತು ಹೆಜ್ಜೆ. ನಾಲ್ಕು ಜನ ಎತ್ತಿಕೊಂಡು ಹೋಗಿ,” ಎಂದಳು ಹೆಂಡತಿ.

“ಎತ್ತಿಕೊಂಡು ಹೋದ್ರೆ ಗಾಡಿ ಮರ್ಯಾದೆ ಏನಾಗಬೇಕಮ್ಮಾ?” ಎಂದು ಇಬ್ಬರೂ ಒಂದೇ ಉಸಿರಲ್ಲಿ ಕೇಳಿದರು. ಹತ್ತು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ಮಾತು ಅದು. ಎತ್ತಬೇಕಾದ ನಾಲ್ವರನ್ನು ನೋಡಿದರೆ, ಅಷ್ಟರಲ್ಲಿ ಅವರಲ್ಲೂ ಇಬ್ಬರು ಜೋಡಿ ಟೈರಿನ ಕಡೆಗೆ, ಇಬ್ಬರು ಜೋಡಿ ಆಕ್ಸಲ್ಲಿನ ಕಡೆಗೆ ಆಗಿ, ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟಿದ್ದರು.

ಎರಡೂವರೆಗೆ ಒಂದು ಪರೀಕ್ಷೆ ನಿಶ್ಚಯವಾಯಿತು. ಎರಡು ಗಾಡಿಯನ್ನೂ ಗಲ್ಲಿಯ ಬಾಯಿಗೆ ಅಡ್ಡಲಾಗಿ, ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸುವುದು. ಕುರ್ಚಿಯನ್ನು ಎರಡರ ಮೇಲೂ ಅರ್ಧರ್ಧ ಇಟ್ಟು ಈ ಕಡೆ ಎರಡು ಬೋಲ್ಟು, ಆ ಕಡೆ ಎರಡು ಬೋಲ್ಟು ಬಿಗಿಯುವುದು. ಅದರ ಕೈ ಮೇಲೆ ಒಂದು ಬಟ್ಟಲು ನೀರಿಟ್ಟು ಎರಡು ಇಂಜಿನ್ನನ್ನೂ ಚಾಲೂ ಮಾಡುವುದು. ನೀರು ಯಾರ ಕಡೆ ಚೆಲ್ಲುತ್ತದೋ ಅವರ ಗಾಡಿ ಸೋತಿತು. ಸೋತವರು ಕುರ್ಚಿಯನ್ನು ಹೊತ್ತು ಒಳಗೆ ಸೇರಿಸಬೇಕು. ಅಗಲಣ್ಣ ಕುರ್ಚಿಯಲ್ಲಿ ಕೂತು, “ಸರಿ ತಾನೆ?” ಎಂದು ಕೇಳಿದರು. ಕ್ಷೌರಿಕ ಹೌದು ಅಂದ. ಉದ್ದಣ್ಣನೂ ಕೂತು ಕೇಳಿದರು. ಅವರಿಗೂ ಹೌದು ಅಂದ.

ಬೋಲ್ಟು ಹಾಕಲು ಪಕ್ಕದ ವೆಲ್ಡರ್ ಬಂದ. ವೆಲ್ಡ್ ಮಾಡದೆ ಬಿಟ್ಟ ಕೆಲಸ ಅವನಿಗೆ ಬೇಯದ ಅನ್ನವಿದ್ದ ಹಾಗೆ. ಯಾರೂ ಕೇಳದಿದ್ದರೂ ನಾಲ್ಕು ನಟ್ಟಿಗೂ ಬೆಸುಗೆ ಹಾಕಿ, ಇನ್ನು ನೂರು ವರ್ಷ ಅಲ್ಲಾಡುವುದಿಲ್ಲ ಎಂದು ಹೇಳಿ ಹೋದ.

ಇಂಜಿನ್ನು ಶುರುವಾದವು. ಕುರ್ಚಿ ಜ್ವರ ಬಂದವನಂತೆ ನಡುಗಿತು. ಬಟ್ಟಲು ಆ ಕಡೆಗೂ ಹೋಗದೆ ಈ ಕಡೆಗೂ ಹೋಗದೆ ನೆಟ್ಟಗೆ ಹಾರಿ ಕ್ಷೌರಿಕನ ಮುಖಕ್ಕೆ ಬಡಿಯಿತು.

“ಗೆದ್ದದ್ದು ನಂದೇ. ನನ್ನ ಗಾಡಿ ಮುಂದೆ ಬೇರೆ ಇಲ್ಲ ಅಂದಾಗ ಇವನೇ ಎಷ್ಟು ಸಲ ಹೌದು ಅಂದಿಲ್ಲ,” ಎಂದರು ಅಗಲಣ್ಣ.

“ನಿಮಗಾ? ನನಗೆ ಹೇಳಿದ್ದು ಅದು,” ಎಂದರು ಉದ್ದಣ್ಣ.

ಇಂಜಿನ್ನು ಎರಡೂ ನಿಂತವು. ಇಬ್ಬರೂ ಕ್ಷೌರಿಕನ ಕಡೆ ತಿರುಗಿದರು. ಇವತ್ತು ಇಬ್ಬರ ಎದುರಿಗೂ ಒಂದೇ ಮಾತು ಹೇಳಿಬಿಡು ಎಂದರು ಅಗಲಣ್ಣ, ತೀರ ಮೆಲ್ಲಗೆ. ಕ್ಷೌರಿಕ ಮುಖದ ನೀರು ಒರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು. ದೇವರೇ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದಂತೆ ಕಂಡಿತು ಅವನಿಗೆ. ಗಂಟೆ ಸರಿಯಾಗಿ ನಾಲ್ಕು. ಗಲ್ಲಿಯೊಳಗೆ ಹೋಗಲು ದಾರಿಯಿರಲಿಲ್ಲ. ಅವರು ಗೊಣಗದೆ ಗಾಡಿ ಹತ್ತಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಹಿಡಿದು ಅಲುಗಾಡಿಸಿ ನೋಡಿದರು.

“ಇವತ್ತು ಹದಿನೇಳು ಅಂಗಡಿ ನೋಡ್ದೆ,” ಎಂದರು ನಿಟ್ಟುಸಿರಿಟ್ಟು. “ಹದಿನೇಳರಲ್ಲೂ ಕುರ್ಚಿ ಅಲ್ಲಾಡ್ತಿತ್ತು. ಇದು ನೋಡಿ, ಬಂಡೆ.” ಬೆಳಕು ಸಾಕಷ್ಟಿದೆ, ಗಾಳಿ ಸಾಕಷ್ಟಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎರಡು ಕಡೆ ಗುರುತು ಹಾಕಿದರು. ಆಮೇಲೆ ಹಿಂದಕ್ಕೊರಗಿ ಗಡ್ಡ ಸವರಿಕೊಂಡರು.

ಗಡ್ಡ ಸವರಿಕೊಂಡ ಕೈಯನ್ನು ನೋಡಿದ್ದೇ ಕ್ಷೌರಿಕನ ಕೈ ಸಾಮಾನಿನ ಚೀಲಕ್ಕೆ ಹೋಯಿತು. ಗಾಡಿ ಏರಿ, ಬಟ್ಟೆ ಕೊಡವಿ ಅವರ ಕೊರಳಿಗೆ ಸುತ್ತಿದ. ಬ್ರಷ್ಷು ನೊರೆ ಎಬ್ಬಿಸಿತು. ಇನ್ಸ್‌ಪೆಕ್ಟರು ಕಣ್ಣು ಮುಚ್ಚಿದರು.

“ರೋಡಿಗೆ ಅಡ್ಡ ಇದೆಯಲ್ಲ ಸಾರ್,” ಎಂದಳು ಹೆಂಡತಿ ಕೆಳಗಿನಿಂದ.

“ರೋಡು ಬೇರೆ ಇಲಾಖೆಯಮ್ಮಾ.” ನೊರೆಯೊಳಗಿಂದಲೇ ಅವರು ಕ್ಷೌರಿಕನನ್ನು ಕೇಳಿದರು, “ಹಾಗಾದ್ರೆ ಅಂಗಡಿ ಇಲ್ಲೇ ಅಂತ ಬರೀತೀನಿ. ಬರೆದ ಮೇಲೆ ಒಂದು ವರ್ಷ ಕುರ್ಚಿ ಜಾಗ ಬದಲಾಯಿಸೋ ಹಾಗಿಲ್ಲ. ಬರೀಲಾ?”

ಹೆಂಡತಿ ಗಾಡಿಯ ಪಕ್ಕಕ್ಕೆ ಬಡಿದು, “ರೀ, ಇಲ್ಲ ಅನ್ನಿ,” ಎಂದಳು. ಕನ್ನಡಿಯ ಮುಂದಿನ ನಲವತ್ತು ‘ಇಲ್ಲ’ವೂ ಅವನ ಗಂಟಲಿಗೆ ನುಗ್ಗಿ ಬಂದವು. ಆದರೆ ಬಟ್ಟೆ ಸುತ್ತಿಯಾಗಿತ್ತು, ಕತ್ತಿ ಕೈಗೆ ಬಂದಾಗಿತ್ತು, ಕುರ್ಚಿಯಲ್ಲಿ ಕೂತವರು ಒಂದು ಮಾತು ಕೇಳಿಯಾಗಿತ್ತು.

“ಹೌದು ಹೌದು,” ಎಂದ ಕ್ಷೌರಿಕ.

ನುಣ್ಣನೆಯ ಮುಖದೊಂದಿಗೆ ಇನ್ಸ್‌ಪೆಕ್ಟರು ಇಳಿದು ಹೋದರು. ಲೈಸೆನ್ಸಿನಲ್ಲಿ ವಿಳಾಸದ ಜಾಗದಲ್ಲಿ ‘ಗಲ್ಲಿಯ ಬಾಯಿ, ಹನ್ನೆರಡು ಚಕ್ರದ ಮೇಲೆ’ ಎಂದು ದುಂಡಗೆ ಬರೆದು ಮೊಹರು ಒತ್ತಿದ್ದರು.

ಗಾಡಿ ಒಂದು ವರ್ಷ ಕದಲುವಂತಿಲ್ಲ ಎಂದು ಗೊತ್ತಾದಾಗ ಅಣ್ಣಂದಿರಿಬ್ಬರೂ ಎಗರಾಡುತ್ತಾರೆ ಎಂದು ಕ್ಷೌರಿಕ ಅಂದುಕೊಂಡಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಗೆ ಹೋಗಿ ಒಂದೊಂದು ಸ್ಟೂಲು ತಂದರು. ತಮ್ಮ ಗಾಡಿಯ ಮೇಲೇ, ತಮ್ಮ ಗಾಡಿಯನ್ನೇ ನೋಡುತ್ತಾ, ಬೆಳಗಿನಿಂದ ಸಂಜೆವರೆಗೆ ಕೂರಬಹುದಾದ ಜಾಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಹೆಂಡತಿ ಊಟದ ಡಬ್ಬಿಯನ್ನು ಮೇಲಕ್ಕೆ ಚಾಚಿದಳು. “ಗಾಡಿ ಬರದ ಜಾಗ ಹುಡುಕಿದ್ವಿ,” ಎಂದಳು. “ಗಾಡಿ ಹೋಗದ ಜಾಗ ಸಿಕ್ತು.”

ಅವನು ಡಬ್ಬಿಗೆ ಕೈ ಚಾಚುವುದರೊಳಗೆ ಅಗಲಣ್ಣ ಕುರ್ಚಿ ಹತ್ತಿ ಕೂತಿದ್ದರು. “ನೀನೇ ಹೇಳು, ಕುರ್ಚಿ ಭಾರ ಎಲ್ಲಾ ನನ್ನ ಟೈರಿನ ಮೇಲೇ ಅಲ್ವಾ ಇರೋದು?”

ಆ ಕಡೆಯ ಸ್ಟೂಲಿನಲ್ಲಿ ಉದ್ದಣ್ಣ ಕಿವಿ ನಿಮಿರಿಸಿ, ತಮ್ಮ ಸರದಿಗಾಗಿ ಗಡ್ಡ ಸವರಿಕೊಳ್ಳುತ್ತಾ ಕೂತರು. ಕ್ಷೌರಿಕ ಬಟ್ಟೆ ಕೊಡವಿದ.