ಓದದ ಪುಸ್ತಕಗಳ ಒಡೆಯರಿಗೆ

ಮಾನ್ಯರೇ,

ಅಪರೂಪದ ಪುಸ್ತಕಗಳ ಪಾಲಕರೂ, ಹಸ್ತಾಕ್ಷರಗಳ ಪೋಷಕರೂ, ತೀರಿಕೊಂಡ ಸಾಹಿತಿಗಳ ಕನ್ನಡಕ, ಊರುಗೋಲು ಮತ್ತು ಒಂಟಿ ಚಪ್ಪಲಿಯ ಏಕೈಕ ವಾರಸುದಾರರೂ ಆದ ತಮಗೆ, ತಮ್ಮ ಮನೆಯ ಎದುರು ಸಾಲಿನ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಬೀರುವಿನ ಗಾಜೂ ಕ್ಷೇಮ ಎಂದು ನಂಬಿದ್ದೇನೆ. ಎದುರಿಗೆ ನಿಂತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ತಾವು ಕಣ್ಣಾರೆ ಕಂಡವರು. ಆದ್ದರಿಂದ ಹೇಳಬೇಕಾದದ್ದನ್ನು ಬರೆದು, ಈ ವಾರಪತ್ರಿಕೆಯವರ ಕೈಗೆ ಒಪ್ಪಿಸಿದ್ದೇನೆ.

ನನ್ನ ಕತೆಗಳ ಪುಸ್ತಕ ಅಚ್ಚಾದ ಕೆಲವೇ ದಿನಗಳಲ್ಲಿ ಅಚ್ಚುಮನೆಯ ಯಜಮಾನರು ಅಂಗಡಿ ಬಾಗಿಲಿಗೇ ಓಡಿಬಂದು, “ಪೂರ್ತಿ ಖಾಲಿ ಕಣಮ್ಮ! ಒಂದೂ ಉಳಿದಿಲ್ಲ! ನನ್ನ ಜನ್ಮದಲ್ಲೇ ಹೀಗಾಗಿಲ್ಲ” ಎಂದು ಕೂಗಿದಾಗ, ನನ್ನ ಕೈಯಲ್ಲಿದ್ದ ಸೂಜಿ ಬಟ್ಟೆ ಬಿಟ್ಟು ಬೆರಳಿಗೇ ಚುಚ್ಚಿತು. ಅಂದಿನಿಂದ ನಾನು ರಸ್ತೆಯಲ್ಲಿ ನಡೆಯುವ ರೀತಿಯೇ ಬದಲಾಯಿತು. ಹಾಲಿನ ಅಂಗಡಿಯಾಕೆ ನನ್ನ ಕಡೆ ನೋಡಿ ನಕ್ಕರೆ, ಓಹೋ, ಮೂರನೆಯ ಕತೆ ಓದಿದ್ದಾಳೆ ಎಂದುಕೊಳ್ಳುತ್ತಿದ್ದೆ. ಬಸ್ಸಿನ ಕಂಡಕ್ಟರ್ ಮುಖ ಗಂಟಿಕ್ಕಿದರೆ, ಪಾಪ, ಐದನೆಯದು ಹಿಡಿಸಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಷ್ಟು ಜನ ಓದುಗರನ್ನು ಹೊತ್ತು ತಿರುಗಿ ನನಗೆ ಸುಸ್ತೇ ಆಗಿತ್ತು. ಆಮೇಲೆ ತಿಳಿಯಿತು, ಆ ಜನರೆಲ್ಲ ತಾವೊಬ್ಬರೇ ಎಂದು.

ಯಾರೋ ಹಿರಿಯರು ಪತ್ರಿಕೆಯಲ್ಲಿ ನನ್ನ ಪುಸ್ತಕದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದ ಮರುದಿನವೇ ತಾವು ಅಚ್ಚುಮನೆಗೆ ಗಾಡಿ ಕಳಿಸಿ ಇಡೀ ಮುದ್ರಣವನ್ನು ಮನೆಗೆ ತರಿಸಿಕೊಂಡಿರಿ. ಆಮೇಲೆ ನನ್ನನ್ನೂ ಕರೆಸಿದಿರಿ. ತಮ್ಮ ಹಜಾರದ ನೆಲದ ಮೇಲೆ ಸೊಂಟದೆತ್ತರಕ್ಕೆ ಪೇರಿಸಿದ್ದ ನನ್ನ ಪುಸ್ತಕಗಳನ್ನು ಕಂಡು, ಇವರಿಗೆ ಬಂಧುಬಳಗ ಬಹಳ ಇರಬೇಕು ಎಂದೇ ನಾನು ಭಾವಿಸಿದೆ. “ಎಲ್ಲದಕ್ಕೂ ಒಂದೊಂದು ಸಹಿ ಹಾಕ್ಬಿಡಮ್ಮ” ಎಂದಿರಿ. ಯಾಕೆ ಎಂದು ಕೇಳುವುದಕ್ಕಿಂತ ಸಹಿ ಹಾಕುವುದೇ ನನಗೆ ಸುಲಭವಾಗಿ ಕಂಡಿತು. ಕಾಲು ಜೋಮು ಹಿಡಿದರೂ ಏಳಲಿಲ್ಲ, ನೀರು ಬೇಕೆನಿಸಿದರೂ ಕೇಳಲಿಲ್ಲ. ಕೊನೆಯ ಪ್ರತಿ ಮುಗಿಸಿ ಎದ್ದಾಗ ತಮ್ಮ ಕಣ್ಣು ನನ್ನ ಕೈಚೀಲದ ಮೇಲೆ ಬಿತ್ತು. “ಅದರಲ್ಲೂ ಒಂದಿದೆಯಲ್ಲ, ಅದೊಂದು ಯಾಕೆ ಅನಾಥ, ಕೊಡು” ಎಂದಿರಿ. ಅದು ನಾನು ನಮ್ಮ ದೊಡ್ಡಮ್ಮನಿಗೆಂದು ಎತ್ತಿಟ್ಟುಕೊಂಡಿದ್ದ ಪ್ರತಿ. ಅದಕ್ಕೂ ಸಹಿ ಹಾಕಿ, ಎರಡೂ ಕೈಯಲ್ಲಿ ತಮಗೇ ಕೊಟ್ಟು, ಹಸ್ತಪ್ರತಿ ಎಲ್ಲಿದೆ ಎಂದು ಕೇಳಿದಿರೆಂದು ಮರುದಿನ ಅದನ್ನೂ ತಂದೊಪ್ಪಿಸಿ, ಬರಿಗೈಯಲ್ಲಿ ಮನೆಗೆ ಹೋದ ಲೇಖಕಿ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಅಪರೂಪದ ವಸ್ತುಗಳನ್ನು ಹುಡುಕುವ ತಮ್ಮ ಕಣ್ಣಿಗೆ ನಾನು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ದೊಡ್ಡಮ್ಮನ ವಿಷಯ ತಮಗೆ ಅರಿಕೆ ಮಾಡಿಕೊಳ್ಳಬೇಕು. ಆ ದರ್ಜಿ ಅಂಗಡಿ ಅವಳದೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ವಯಸ್ಸಿನಲ್ಲಿದ್ದಾಗ ಅವಳು ಒಬ್ಬನಿಗೆ ಒಂದು ಬಿಳಿ ಅಂಗಿ ಹೊಲಿದಿದ್ದಳು. ಅವನು ಅಳತೆ ಕೊಟ್ಟು ಹೋದವನು ಅಂಗಿ ಒಯ್ಯಲು ಬರಲೇ ಇಲ್ಲ. ಅಂಗಿ ಗೋಡೆಯ ಗೂಟದಲ್ಲೇ ಹಳದಿಯಾಯಿತು. ನನ್ನ ಪುಸ್ತಕದ ಉದ್ದನೆಯ ಕತೆ ಅದೇ. ಅವನು ಬಂದನೋ ಇಲ್ಲವೋ ಎಂದು ನಾನು ಏನು ಬರೆದಿದ್ದೇನೆ ಎಂಬುದೊಂದೇ ಅವಳಿಗೆ ಬೇಕು. ಕಣ್ಣಿಗೆ ಪೊರೆ ಬಂದಿರುವುದರಿಂದ ತಾನೇ ಓದಲಾರಳು. “ಬಾಯಲ್ಲಾದ್ರೂ ಹೇಳೇ” ಎನ್ನುತ್ತಾಳೆ. ಅವಳ ಬದುಕನ್ನು ಅವಳ ಮುಖ ನೋಡಿಕೊಂಡು ಅವಳಿಗೇ ಹೇಳುವ ಎದೆಗಾರಿಕೆ ನನಗಿದ್ದಿದ್ದರೆ ನಾನೇಕೆ ಬರೆಯುತ್ತಿದ್ದೆ, ಮಾನ್ಯರೇ? ಪುಸ್ತಕವನ್ನು ಅಡ್ಡ ಹಿಡಿದು, ಅದರ ಹಿಂದೆ ಮುಖ ಮುಚ್ಚಿಕೊಂಡು ಓದಿಬಿಡಬಹುದು ಎಂದುಕೊಂಡಿದ್ದೆ. ಆ ಅಡ್ಡ ಹಿಡಿಯುವ ಪುಸ್ತಕವೇ ತಮ್ಮಲ್ಲಿ ಸೇರಿಹೋಗಿತ್ತು.

ಕೊನೆಗೆ ದೊಡ್ಡಮ್ಮನೇ ನನ್ನ ಕೈ ಹಿಡಿದು ತಮ್ಮ ಮನೆಗೆ ಎಳೆದು ತಂದದ್ದು ತಮಗೆ ನೆನಪಿರಬಹುದು. ಒಂದು ಕತೆ ಓದಿ ಮುಗಿಸುವಷ್ಟು ಹೊತ್ತು ಒಂದು ಪ್ರತಿ ಕೊಡಿ, ಇಲ್ಲೇ ಕೂತು ಓದಿಸಿಕೊಂಡು ಹೋಗ್ತೀನಿ ಎಂದು ಅವಳು ಕೇಳಿದಳು. ತಾವು ಎಷ್ಟು ತಾಳ್ಮೆಯಿಂದ ತಿಳಿಸಿ ಹೇಳಿದಿರಿ! “ಅಜ್ಜೀ, ತೆರೆದ ಪುಸ್ತಕಕ್ಕೆ ಬೆಲೆ ಇಲ್ಲ. ಬೆನ್ನು ಒಂದು ಸಲ ಮುರಿದರೆ ಮುಗೀತು. ನೋಡಿ, ಎಲ್ಲಕ್ಕೂ ಪ್ಲಾಸ್ಟಿಕ್ ಹಾಕಿಸಿದೀನಿ.” ದೊಡ್ಡಮ್ಮ ತಡವರಿಸುತ್ತಾ ಹೋಗಿ ಬೀರುವಿನ ಗಾಜಿನ ಮೇಲೆ ಅಂಗೈ ಇಟ್ಟು, “ಏನೇ ಇದು, ಮೀನು ಸಾಕೋ ಪೆಟ್ಟಿಗೆಯಾ? ತಣ್ಣಗಿದೆಯಲ್ಲ” ಎಂದಳು. ಗಾಜಿಗೆ ಬೆರಳಿನ ಗುರುತು ಬಿತ್ತೆಂದು ತಾವು ಮೃದುವಾದ ಬಟ್ಟೆ ತಂದು ಒರೆಸಿದಿರಿ. ಸೋಫಾದಲ್ಲಿದ್ದ ಅತಿಥಿಗಳಿಗೆ ನನ್ನನ್ನು ತೋರಿಸಿ, “ಇವಳೇ. ಪ್ರೈಮರಿ ಮೇಲೆ ಓದಿಲ್ಲ. ಸಹಿ ನೋಡಿ, ಎಷ್ಟು ಮುಗ್ಧವಾಗಿದೆ” ಎಂದಿರಿ. ಅವರು ಸಹಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಸಹಿಯನ್ನೇ ನೋಡಿದರು. ಒಳಗೆ ಏನು ಬರೆದಿದೆ ಎಂದು ಅವರೂ ಕೇಳಲಿಲ್ಲ, ತಮಗೂ ತಿಳಿದಿರಲಿಲ್ಲ. ಹೊರಡುವಾಗ ತಾವು ನನ್ನ ಆರೋಗ್ಯ ವಿಚಾರಿಸಿದಿರಿ. ಕೆಮ್ಮು ಎಂದಾಗ ತಮ್ಮ ಮುಖ ಅರಳಿದಂತೆ ನನಗೆ ಕಂಡದ್ದು ನನ್ನ ಕಣ್ಣಿನ ದೋಷವೇ ಇರಬೇಕು.

ದಾರಿಯುದ್ದಕ್ಕೂ ದೊಡ್ಡಮ್ಮ ಒಂದೇ ಮಾತಾಡಿದಳು: “ಉಣ್ಣೋರಿಲ್ಲದ ಮನೇಲಿ ಅನ್ನಕ್ಕೆ ಕಾವಲು ಕಾಯ್ತಾನಲ್ಲೇ, ಪಾಪ.”

ಇಂಥ ಸೇವೆಯನ್ನು ತಾವು ಇನ್ನೂ ವಿಸ್ತರಿಸಬೇಕೆಂಬುದು ನನ್ನ ವಿನಮ್ರ ಕೋರಿಕೆ. ಬೇಕರಿಯವನ ಬ್ರೆಡ್ಡನ್ನೆಲ್ಲ ಕೊಂಡು, ಯಾರೂ ಕಚ್ಚದಂತೆ ಗಾಜಿನೊಳಗಿಡಬೇಕು. ಆಸ್ಪತ್ರೆಯ ಔಷಧಿಯನ್ನೆಲ್ಲ ಸಂಗ್ರಹಿಸಿ, ಡಾಕ್ಟರ ಸಹಿ ಎಷ್ಟು ಮುಗ್ಧವಾಗಿದೆ ಎಂದು ಅತಿಥಿಗಳಿಗೆ ತೋರಿಸಬೇಕು. ನಮ್ಮ ಅಂಗಡಿಯಲ್ಲಿ ಹೊಲಿದ ಅಂಗಿಗಳನ್ನು ಯಾರ ಮೈಗೂ ತಾಗದಂತೆ ಕಾಪಾಡಬೇಕು. ಹಾಗೆಯೇ, ಲೇಖಕಿ ಬದುಕಿದ್ದರೆ ಮತ್ತೆ ಬರೆದು ತಮ್ಮ ಸಂಗ್ರಹದ ಬೆಲೆ ಇಳಿಸುವ ಅಪಾಯವಿರುವುದರಿಂದ, ಬೀರುವಿನ ಕೆಳಗಿನ ಅರೆಯಲ್ಲಿ ಕಾಲು ಮಡಚಿ ಕೂರುವಷ್ಟು ಜಾಗವನ್ನು ನನಗೂ ಮಾಡಿಕೊಡಬೇಕು. ಪ್ಲಾಸ್ಟಿಕ್ಕಿಗೆ ಉಸಿರಾಡಲು ಒಂದು ಕಾಜಾ ನಾನೇ ಹೊಲಿದುಕೊಳ್ಳುತ್ತೇನೆ.

ಆದರೆ ನನ್ನ ಕೋರಿಕೆಗೂ ಮುಂಚೆಯೇ ತಾವು ದೊಡ್ಡ ಮನಸ್ಸು ಮಾಡಿದಿರಿ. ಹೆಚ್ಚು ಪ್ರತಿಗಳಿದ್ದರೆ ಅಪರೂಪ ಎನಿಸಿಕೊಳ್ಳುವುದಿಲ್ಲವೆಂದು, ನನ್ನ ಕೈ ಸೋಲುವ ಮುಂಚೆ ಹಾಕಿದ ದುಂಡನೆಯ ಸಹಿಗಳ ಒಂದು ಡಜನ್ ಆರಿಸಿ ಇಟ್ಟುಕೊಂಡು, ಸಹಿ ವಕ್ರವಾದ ಮಿಕ್ಕವನ್ನೆಲ್ಲ ರದ್ದಿಯವನಿಗೆ ಹಾಕಿದಿರಿ. ಇಡಿಯ ಪುಸ್ತಕ ಯಾರ ಕೈಗೂ ಸಿಗಬಾರದೆಂದು ತಾವೇ ನಿಂತು ಒಂದೊಂದರ ಬೆನ್ನೂ ಕೀಳಿಸಿದಿರಂತೆ. ರದ್ದಿಯವನು ಬಂದು, “ಅಕ್ಕಾ, ನಿಮ್ಮ ಹೆಸರಿತ್ತು ಅದರ ಮೇಲೆ, ನೋಡಕ್ಕಾಗ್ಲಿಲ್ಲ” ಎಂದ. ಬಿಡಿ ಹಾಳೆಗಳನ್ನು ಅವನು ಆಗಲೇ ನಮ್ಮ ರಸ್ತೆಯ ಅಂಗಡಿಗಳಿಗೆ ಮಾರಿಯಾಗಿತ್ತು.

ಮುಂದಿನದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕಟ್ಟಿಸಿಕೊಂಡ ಬಡಗಿ ಪೊಟ್ಟಣ ಬಿಚ್ಚಿ ಓದಿ, ಹಾಳೆಯ ಕೊನೆಗೆ ಮಾತು ಅರ್ಧಕ್ಕೆ ನಿಂತದ್ದನ್ನು ಕಂಡು, ಮುಂದಿನ ಹಾಳೆ ಬೇಕೆಂದು ಬೇಡದ ಸ್ಕ್ರೂ ಕೊಂಡನು. ಹಾಲಿನ ಅಂಗಡಿಯಾಕೆ ಬೆಣ್ಣೆಯ ಜಿಡ್ಡಿನ ಹಾಳೆಯನ್ನು ಒಣಗಿಸಿಟ್ಟುಕೊಂಡಳು. “ನಿನ್ ಹತ್ರ ಇಪ್ಪತ್ತೊಂದನೇ ಪುಟ ಇದೆಯಾ? ಮೂವತ್ತನೇದು ಕೊಡ್ತೀನಿ” ಎಂದು ಅಂಗಡಿಗಳ ಕಟ್ಟೆಗಳ ಮೇಲೆ ಹಾಳೆಗಳ ವಿನಿಮಯ ಶುರುವಾಯಿತು. ಆ ಕಂಡಕ್ಟರ್ ಒಬ್ಬ ಮಾತ್ರ, ಟಿಕೆಟ್ಟು ಹರಿಯುತ್ತಾ, “ಐದನೆಯದು ಅಷ್ಟಕ್ಕಷ್ಟೇ” ಎಂದ. ಅಂಗಿಯ ಕತೆಯ ಹಾಳೆಗಳನ್ನು ಎಲ್ಲರೂ ಹುಡುಕಿ ಹುಡುಕಿ ನಮ್ಮ ಅಂಗಡಿಗೆ ತಂದರು. ನಮ್ಮ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಚಿಕ್ಕಪ್ಪ ಅವುಗಳ ಸುಕ್ಕನ್ನು ಬಿಸಿ ಇಸ್ತ್ರಿಯಲ್ಲಿ ತಿದ್ದಿ, ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಬಿಡಿ ಹಾಳೆಯಲ್ಲಿ ಮುಖ ಮುಚ್ಚಿಕೊಳ್ಳಲು ಆಗುವುದಿಲ್ಲ, ಮಾನ್ಯರೇ. ದೊಡ್ಡಮ್ಮನ ಎದುರೇ ಕೂತು ಓದಿದೆ.

ಕತೆಯಲ್ಲಿ ಅವನು ಬರುತ್ತಾನೆ. ಮುದುಕನಾಗಿ ಬಂದು, ಅಂಗಿ ತೊಟ್ಟು, ತೋಳು ಬಿಗಿಯಾಯಿತು ಎನ್ನುತ್ತಾನೆ. ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಬಿಗಿ ಆಗೋಕೆ ಸಾಧ್ಯವೇ ಇಲ್ಲ. ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದೆ. ಬಿಚ್ಚಿ ಕೊಡ್ತೀನಿ, ಕೂತ್ಕೋ ಅಂತ ಬರಿ” ಎಂದಳು. ಆ ಹಾಳೆಯ ಅಂಚಿನಲ್ಲಿ ಹಾಗೆಯೇ ಬರೆದಿದ್ದೇನೆ.

ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ಪಡೆದು, ಅಭಿನಂದಿಸುತ್ತೇನೆ. ನನ್ನ ಪುಸ್ತಕವನ್ನು ಇಷ್ಟು ಮನೆಗಳಿಗೆ ಮುಟ್ಟಿಸಿದ ಪ್ರಕಾಶಕರು ಬೇರಿಲ್ಲ. ಯಾರೂ ಓದದ ಪ್ರತಿಗಳು ಈಗ ತಮ್ಮಲ್ಲಿರುವ ಆ ಒಂದು ಡಜನ್ ಮಾತ್ರ. ಅಷ್ಟು ಅಪರೂಪದ್ದು ಇನ್ನೆಲ್ಲೂ ಸಿಗದು.

ತಮ್ಮ ವಿಶ್ವಾಸಿ,
ಎದುರು ಸಾಲಿನ ಕಾಜಾ ಹೊಲಿಯುವವಳು

ತಾ.ಕ.: ತಮ್ಮ ಬೀರುವಿಗೆಂದು ಅಡುಗೆಯಾಕೆ ಮೊನ್ನೆ ತಂದ ನುಸಿಗುಳಿಗೆಯ ಪೊಟ್ಟಣವೂ ನನ್ನ ಪುಸ್ತಕದ ಹಾಳೆಯೇ. ಆಕೆ ಅದನ್ನು ತಮ್ಮ ಒಲೆಯ ಮುಂದೆ ನಿಂತು ಓದಿ, ಮುಂದೇನಾಯಿತೆಂದು ಕೇಳಲು ನೇರವಾಗಿ ನಮ್ಮ ಅಂಗಡಿಗೇ ಬಂದಿದ್ದಳು. ಅಂದು ತಮ್ಮ ಊಟ ತಡವಾದದ್ದಕ್ಕೆ ಆಕೆಯನ್ನು ಗದರಬೇಡಿ. ತಮ್ಮ ಮನೆಯಲ್ಲಿ ಯಾರೋ ಒಬ್ಬರು ಒಂದು ಪುಟ ಓದಿದ ದಿನ ಅದು.