ನಮ್ಮ ಬೀದಿಯ ಭೂಕಂಪದ ಚೀಲಗಳು

ನಾನು ಎಷ್ಟೇ ಗಂಭೀರವಾಗಿ ಒಂದು ಕೆಲಸ ಕೈಗೆತ್ತಿಕೊಂಡರೂ ನಮ್ಮ ಬೀದಿ ದಾಟುವಷ್ಟರಲ್ಲಿ ಅದು ನಗೆಪಾಟಲಾಗಿರುತ್ತದೆ. ಈ ಸಲ ಭೂಕಂಪದ ಸರದಿ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕಬ್ಬಿನ ಲಾರಿ ಹೋದಾಗ ಕಿಟಕಿ ಗಡಗಡ ಎನ್ನುವುದು ಬಿಟ್ಟರೆ ನಮ್ಮೂರು ಅಲುಗಿದ್ದನ್ನು ಕಂಡವರಿಲ್ಲ. ಆದರೂ ನನ್ನನ್ನು ಭೂಕಂಪದ ಮುನ್ನೆಚ್ಚರಿಕೆಯ ಎರಡು ದಿನದ ತರಬೇತಿಗೆ ಕಳಿಸಿದರು. ವಾಪಸು ಬಂದವನೇ ಮನೆಮನೆಗೂ ಹೇಳಿದೆ. ಒಂದು ಚೀಲದಲ್ಲಿ ನೀರು, ಬಿಸ್ಕತ್ತು, ಟಾರ್ಚು, ವಿಸಿಲ್ಲು, ಮಾತ್ರೆ, ಕಾಗದಪತ್ರ ತುಂಬಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ಶನಿವಾರ ತಾಲೀಮು ನೋಡಲು ತಾಲ್ಲೂಕಿನಿಂದ ಸಾಹೇಬರು ಬರುತ್ತಾರೆ. ಶಾಲೆ ಗಂಟೆ ಬಾರಿಸಿದ ಕೂಡಲೇ ಚೀಲ ಹಿಡಿದು ಮೈದಾನಕ್ಕೆ ಬರಬೇಕು.

ಎಲ್ಲರೂ ಒಪ್ಪಿದರು, ನಮ್ಮವ್ವನೊಬ್ಬಳನ್ನು ಬಿಟ್ಟು. ಅವಳಿಗೆ ಬಿಪಿ. ಒಂದು ಹೊತ್ತು ಮಾತ್ರೆ ತಪ್ಪಿದರೂ ತಲೆ ಸುತ್ತಿ ಕೂತುಬಿಡುತ್ತಾಳೆ. ಚೀಲದ ಮಾತು ಹಾಗಿರಲಿ, ಆ ಮಾತ್ರೆ ಅವಳ ಜೊತೆಗಿರಬೇಕು ಎಂಬುದೇ ನನ್ನ ನಿಜವಾದ ಆತಂಕ.

"ಓಗ್ಲಾ, ಮನೆ ಬಿದ್ದೋದ್ಮೇಲೆ ಬಿಸ್ಕತ್ ತಿನ್ಕಂಡು ಕೂತ್ಕಳಾಕೆ ನಾನೇನ್ ಅಂಗನವಾಡಿ ಮಗುವಾ?" ಎಂದಳು.

ವಿಸಿಲ್ಲು

ಎದುರುಮನೆಯವರು ಪೇಟೆಯಿಂದ ವಿಸಿಲ್ಲು ತಂದರು. ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಜಗುಲಿಯ ಮೇಲೆ ನಿಂತು ಎರಡು ಸಲ ಜೋರಾಗಿ ಊದಿದರು. ಅದೇ ಹೊತ್ತಿಗೆ ನಿಲ್ದಾಣದಲ್ಲಿ ನರಸೀಪುರದ ಬಸ್ಸು ನಿಂತಿತ್ತು. ಎರಡು ವಿಸಿಲ್ಲೆಂದರೆ ರೈಟ್! ಡ್ರೈವರು ಹೊರಟೇಬಿಟ್ಟ.

ಕಂಡಕ್ಟರು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಲೋಟ ಹಿಡಿದೇ ಓಡಿ ಬಂದವನನ್ನು ಎದುರುಮನೆಯವರು ಗಾಬರಿಯಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್ಸಿನ ಹಿಂದೆ ಹೋದರು. ಸಂಜೆ ಬಂದು ಹೇಳಿದರು:

"ಸುತ್ತೂರು ಹತ್ರ ಸಿಕ್ತು ಮೇಷ್ಟ್ರೇ. ದಾರಿಯುದ್ದಕ್ಕೂ ವಿಸಿಲ್ ಊದ್ದೆ, ಎರಡೆರಡು ಸಲ. ಊದ್ದಷ್ಟೂ ಆ ಡ್ರೈವರು ಜೋರಾಗೋದ ಕಣ್ರೀ!"

ಬೀರು

ನಮ್ಮೂರಿನ ಡೇರಿ ಕಾರ್ಯದರ್ಶಿ ಬಹಳ ಶಿಸ್ತಿನ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಮೊದಲ ದಿನವೇ ಕೊಂಡು ತಂದಿದ್ದ. ಶುಕ್ರವಾರ ನೋಡಲು ಹೋದರೆ ಮೊಳೆ ಖಾಲಿ.

"ಚೀಲ ಎಲ್ಲಪ್ಪಾ?"

"ಜಮೀನ್ ಪತ್ರ ಎಲ್ಲಾ ಅದ್ರಲ್ಲೇ ಅದೆ ಸಾ, ಬಾಗ್ಲಲ್ಲಿ ನೇತಾಕಕ್ಕಾಯ್ತದಾ? ಬೀರೂಲಿಟ್ಟು ಬೀಗ ಆಕಿವ್ನಿ."

"ಬೀಗದ ಕೈ?"

"ಮನೇಲಿದ್ರೆ ಕಳ್ದೋಯ್ತದೆ ಅಂತ ಮಗಳತ್ರ ಕೊಟ್ಟಿವ್ನಿ."

"ಸರಿ, ಮಗಳನ್ನ ಕರೀರಿ."

"ಅವ್ಳನ್ನ ಕಳಲೆಗೆ ಮದ್ವೆ ಮಾಡ್ಕೊಟ್ಟಿಲ್ವಾ ಸಾ?"

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆತನೇ ನನಗೆ ಸಮಾಧಾನ ಹೇಳಿದ. "ಯೋಚ್ನೆ ಮಾಡ್ಬೇಡಿ ಸಾ. ಭೂಕಂಪ ಎಷ್ಟೊತ್ಗೆ ಅಂತ ಹೇಳ್ಬುಡಿ, ಅರ್ಧ ಗಂಟೆ ಮುಂಚೆ ಅವ್ಳನ್ನ ಬರಾಕೇಳ್ತೀನಿ."

ಸಾಹೇಬರು ಬಂದ ದಿನ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಬಂದರು. ಕೈಗಡಿಯಾರ ನೋಡುತ್ತ, ಗಂಟೆ ಬಾರಿಸಲು ಹೇಳಿದರು. ನನ್ನ ಕಣ್ಣೆಲ್ಲ ನಮ್ಮ ಮನೆ ಬಾಗಿಲ ಮೇಲೆ. ಅವ್ವ ಬರದಿದ್ದರೆ ಊರವರ ಮುಂದೆ ತಲೆ ಎತ್ತುವ ಹಾಗಿಲ್ಲ. ಬಂದರೂ ಮಾತ್ರೆ ಬಿಟ್ಟು ಬಂದರೆ ನಾನು ಇಷ್ಟು ದಿನ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಎಲ್ಲರಿಗಿಂತ ಮೊದಲು ಬಂದವಳು ಅವಳೇ! ಮಡಿಸಿಟ್ಟಿದ್ದ ಒಳ್ಳೆಯ ಸೀರೆ, ಹಣೆಗೆ ವಿಭೂತಿ, ಕೈಯಲ್ಲಿ ಭೂಕಂಪದ ಚೀಲ. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು.

"ನೋಡಿ, ಈ ವಯಸ್ಸಲ್ಲೂ ಎಷ್ಟು ಚುರುಕು!" ಎಂದು ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿದರು. "ಎಲ್ಲಿ ಅಜ್ಜಿ, ಚೀಲದಲ್ಲಿ ಏನೇನಿದೆ ತೋರಿಸಿ."

ಅವ್ವ ಒಂದೊಂದಾಗಿ ತೆಗೆದಳು. ಒಂದು ಚಿಪ್ಪು ರಸಬಾಳೆ. ತೆಂಗಿನಕಾಯಿ. ಎಲೆ, ಅಡಿಕೆ. ಸಾಹೇಬರ ಹೆಂಡತಿಗೆಂದು ಒಂದು ರವಿಕೆ ಕಣ. ನೀರಿಲ್ಲ, ಟಾರ್ಚಿಲ್ಲ.

"ಅವ್ವಾ, ಮಾತ್ರೆ ಎಲ್ಲಿ?" ನಾನು ಖಾಲಿ ಚೀಲದೊಳಗೆ ಕೈಹಾಕಿ ತಡಕಿದೆ.

ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿ ಬಿಚ್ಚಿ ಮಾತ್ರೆ ತೋರಿಸಿದಳು. "ಇಲ್ಲಿ ಅದೆ ಕಣ್ಲಾ. ನೀನ್ ತರಬೇತಿಗೆ ಓಗಾಕ್ ಮುಂಚಿಂದ್ಲೂ ಇಲ್ಲೇ ಅದೆ. ಓಡ್ವಾಗ ಚೀಲ ಮರ್ತೋಯ್ತದೆ, ಸೊಂಟ ಮರ್ತು ಬತ್ತಾರಾ?"

ಇಡೀ ಮೈದಾನ ನಕ್ಕಿತು. ನನಗೂ ಹೋದ ಜೀವ ಬಂದಂತಾಯಿತು. ಸಾಹೇಬರು ಮಾತ್ರ ಬಿಡಲಿಲ್ಲ. "ಅದೇನೋ ಸರಿ ಅಜ್ಜಿ. ಆದರೆ ಭೂಕಂಪದ ಚೀಲದಲ್ಲಿ ಬಾಳೆಹಣ್ಣು, ರವಿಕೆ ಕಣ ಯಾಕೆ?"

ಅವ್ವ ಹಣ್ಣಿನ ಚಿಪ್ಪನ್ನು ಅವರ ಕೈಗಿಡುತ್ತ ಹೇಳಿದಳು:

"ಭೂಕಂಪ ಎಲ್ ಬಂದದೆ ನನ್ನಪ್ಪಾ? ಬಂದಿರೋರು ನೀವಲ್ವಾ!"